‘ಕಾಣುತ್ತಿದೆ’ ಎಂಬ ಮಾತಿನ ಹೊಣೆ

ಅವಕಾಶವನ್ನು ಕೊಡುವುದೇ ಆಕಾಶದ ಲಕ್ಷಣವೆಂದು ನಮ್ಮ ಹಿಂದಿನ ಶಾಸ್ತ್ರಕಾರರು ಹೇಳಿದರು. ಅಷ್ಟು ವಿಶಾಲವಾದ ಆಕಾಶದಲ್ಲಿ ಎರಡು ವಿಮಾನಗಳು ಒಂದಕ್ಕೊಂದು ತಗುಲುವುದಾದರೂ ಹೇಗೆ ಎಂದು ಯಾರಿಗಾದರೂ ಆಶ್ಚರ್ಯವಾಗುವುದು ಸಹಜ. ಭೂಮಿಯಿಂದ ಆರೇಳು ಮೈಲಿ ಎತ್ತರದಲ್ಲಿ ಹೋಗುವ ವಿಮಾನಕ್ಕೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಬೇಕಾದಷ್ಟು ಜಾಗವಿದೆ. ಆದರೆ ಅದು ಎಲ್ಲಿಯಾದರೂ ಒಂದು ಕಡೆ ಇಳಿಯಲೇಬೇಕಷ್ಟೆ? ಇಳಿಯುವ ಜಾಗವೆಂದರೆ ನೂರೈವತ್ತು ಇನ್ನೂರು ಅಡಿ ಅಗಲದ, ಎರಡು ಮೈಲಿಯಷ್ಟು ಉದ್ದದ ಒಂದು ಪಟ್ಟಿ. ಜಾತ್ರೆಗೆ ಹೊರಟ ಜನ ಹತ್ತಾರು ಬಯಲುಗಳನ್ನು ಬೇಕಾದ ಹಾಗೆ ದಾಟಿ ಬಂದು ಕೊನೆಗೆ ಗುಡಿಯ ಬಾಗಿಲಿನಲ್ಲಿ ಒತ್ತೊತ್ತಾಗುವಂತೆ, ಹತ್ತು ದಿಕ್ಕುಗಳಿಂದ ಬಂದ ವಿಮಾನಗಳೆಲ್ಲ ಆ ಪಟ್ಟಿಯ ನೇರಕ್ಕೆ ಬಂದು ಸೇರಬೇಕು. ಆಕಾಶದ ಅವಕಾಶ ಅಲ್ಲಿಗೆ ಮುಗಿಯಿತು.

ವಿಮಾನಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಕಾಲೇಜಿನಲ್ಲಿ ಕನ್ನಡದ ಪಾಠ ಹೇಳಿಕೊಂಡು ಬಂದವನು ನಾನು. ಆದರೆ ವಿಮಾನಗಳ ಡಿಕ್ಕಿಯನ್ನು ತಡೆಯಲು ಮನುಷ್ಯ ಮಾಡಿಕೊಂಡ ಏರ್ಪಾಡುಗಳ ಇತಿಹಾಸವನ್ನು ಕುತೂಹಲದಿಂದ ಓದುತ್ತ ಹೋದಂತೆ, ಯಂತ್ರಗಳ ಆ ಕಥೆಯೊಳಗೆ ಮಾತಿನ ಕಥೆಯೊಂದು ಅಡಗಿರುವುದು ಗಮನಕ್ಕೆ ಬಂತು. ತೀರ ಸಮೀಪದಲ್ಲಿ ಒಂದರ ಪಕ್ಕಕ್ಕೆ ಒಂದಿರುವ ಎರಡು ರನ್‌ವೇಗಳಲ್ಲಿ ಎರಡು ವಿಮಾನಗಳು ಜೊತೆಜೊತೆಯಾಗಿ ಇಳಿಯುವ ಪ್ರಸಂಗವಿದೆಯಲ್ಲ, ಅಲ್ಲಿ ನೂರಾರು ಜನರ ಪ್ರಾಣ ಒಂದು ಕ್ರಿಯಾಪದವನ್ನು ನಂಬಿಕೊಂಡಿರುತ್ತದೆ. ಆ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಪ್ರಯಾಣಿಕರ ಸೇವೆಗೆಂದು ಏರ್ಪಟ್ಟ ವಿಮಾನಗಳು ಆಕಾಶದಲ್ಲಿ ಮೊದಲು ಡಿಕ್ಕಿ ಹೊಡೆದದ್ದು ೧೯೨೨ರ ಏಪ್ರಿಲ್ ೭ರಂದು, ಉತ್ತರ ಫ್ರಾನ್ಸಿನ ಪಿಕಾರ್ದಿ ಪ್ರಾಂತದ ಮೇಲೆ. ಒಂದು ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೊರಟಿತ್ತು, ಇನ್ನೊಂದು ಪ್ಯಾರಿಸ್ಸಿನಿಂದ ಲಂಡನ್ನಿಗೆ. ಮಂಜು ಕವಿದಿತ್ತು. ದಾರಿ ತಪ್ಪದಿರಲೆಂದು ಇಬ್ಬರು ಚಾಲಕರೂ ಕೆಳಗಿನ ಒಂದೇ ರಸ್ತೆಯನ್ನು ನೋಡಿಕೊಂಡು ಹಾರುತ್ತಿದ್ದರು. ೭ ಮಂದಿ ಸತ್ತರು. ನೆಲದ ಗಾಡಿಗಳಿಗೆ ಇರುವಂತೆ ಆಕಾಶದ ವಾಹನಗಳಿಗೂ ಒಂದು ಮಗ್ಗುಲನ್ನು ಹಿಡಿದು ಹೋಗುವ ಕಟ್ಟುಪಾಡು ಬೇಕೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಆದರೂ ಮುಂದಿನ ಮೂವತ್ತು ವರ್ಷ ಮೂಲಸೂತ್ರ ಒಂದೇ ಆಗಿ ಉಳಿಯಿತು: ಕಣ್ಣಿನಿಂದ ನೋಡು, ಕಂಡರೆ ತಪ್ಪಿಸಿಕೋ.

ಈ ಸೂತ್ರ ಮುರಿದುಬಿದ್ದದ್ದು ೧೯೫೬ರ ಜೂನ್ ೩೦ರಂದು. ಲಾಸ್ ಏಂಜಲಿಸ್ ನಗರದಿಂದ ಕೆಲವೇ ನಿಮಿಷಗಳ ಅಂತರದಲ್ಲಿ ಹೊರಟ ಎರಡು ದೊಡ್ಡ ವಿಮಾನಗಳು ಅರಿಜೋನದ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಣಿವೆಯ ಮೇಲೆ, ೨೧,೦೦೦ ಅಡಿ ಎತ್ತರದಲ್ಲಿ, ಮೋಡಗಳ ನಡುವೆ ಒಂದನ್ನೊಂದು ಹಾದವು. ೧೨೮ ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಲ್ಲಿ ಅವುಗಳನ್ನು ದೂರವಿಡುವ ಹೊಣೆ ನೆಲದ ಮೇಲಿನ ಯಾರಿಗೂ ಇರಲಿಲ್ಲ. ಅಮೆರಿಕದ ಜನ ದಿಗ್ಭ್ರಮೆಗೊಂಡರು. ೧೯೫೮ರಲ್ಲಿ ಹೊಸ ಕಾನೂನಾಗಿ, ಇಡೀ ದೇಶದ ಆಕಾಶವನ್ನು ನೋಡಿಕೊಳ್ಳುವ ಒಂದೇ ಸಂಸ್ಥೆ ಹುಟ್ಟಿತು. ರೇಡಾರುಗಳು ಹೆಚ್ಚಿದವು. ಮನುಷ್ಯನ ಕಣ್ಣು ಜೆಟ್ ವಿಮಾನದ ವೇಗಕ್ಕೆ ಸಾಲದು, ಆ ಕೆಲಸವನ್ನು ಯಂತ್ರಕ್ಕೂ ನೆಲದ ಮೇಲಿನ ನಿಯಂತ್ರಕನಿಗೂ ವಹಿಸಬೇಕು ಎಂಬುದು ಅಂದಿನ ನಿರ್ಧಾರ. ಎತ್ತರದ ದೂರಪ್ರಯಾಣದ ಮಟ್ಟಿಗೆ ಆ ನಿರ್ಧಾರ ಫಲಿಸಿತು. ಕಣ್ಣನ್ನು ಕೈಬಿಡಲಾಗದೆ ಹೋದದ್ದು ಇಳಿಯುವ ಜಾಗದಲ್ಲಿ.

ಜೆಟ್ ವಿಮಾನಗಳು ಬಂದ ಮೇಲೆ ಒಂದು ರನ್‌ವೇ ಸಾಲದಾಯಿತು. ಒಂದು ವಿಮಾನ ಇಳಿದು ಪಕ್ಕಕ್ಕೆ ಸರಿಯುವವರೆಗೆ ಹಿಂದಿನದು ಕಾಯಬೇಕು. ಎಷ್ಟು ಚುರುಕಾಗಿ ನಡೆಸಿದರೂ ಗಂಟೆಗೆ ಮೂವತ್ತು ನಲವತ್ತಕ್ಕಿಂತ ಹೆಚ್ಚು ಇಳಿಸಲಾಗದು. ಇನ್ನೊಂದು ರನ್‌ವೇ ಕಟ್ಟಬೇಕು. ಎಲ್ಲಿ ಕಟ್ಟಬೇಕು? ವಿಮಾನ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ ಎರಡನೆಯದೂ ಮೊದಲನೆಯದರ ದಿಕ್ಕಿನಲ್ಲಿಯೇ, ಅದಕ್ಕೆ ಸಮಾನಾಂತರವಾಗಿ ಇರುವುದು ಮೇಲು. ರನ್‌ವೇಗಳಿಗೆ ಹೆಸರಿಡುವುದು ದಿಕ್ಸೂಚಿಯ ಅಂಶಗಳ ಮೇಲೆ: ೨೮೦ ಅಂಶದ ಕಡೆಗೆ ಮುಖ ಮಾಡಿದ್ದರೆ ಕೊನೆಯ ಸೊನ್ನೆಯನ್ನು ಬಿಟ್ಟು ೨೮ ಎನ್ನುತ್ತಾರೆ. ಅಂಥವು ಎರಡಿದ್ದರೆ ೨೮ ಎಡ, ೨೮ ಬಲ. ಇಷ್ಟು ಚಿಕ್ಕ ಎರಡು ಶಬ್ದಗಳ ಮೇಲೆ ಎಷ್ಟು ದೊಡ್ಡ ಭಾರ ಬೀಳುತ್ತದೆಂಬುದನ್ನು ಮುಂದೆ ನೋಡೋಣ.

ಈ ಎರಡು ರನ್‌ವೇಗಳ ನಡುವೆ ಅಂತರ ಎಷ್ಟಿರಬೇಕು? ಮೋಡದೊಳಗೆ, ಒಬ್ಬರಿಗೊಬ್ಬರು ಕಾಣದೆ, ಎರಡು ವಿಮಾನಗಳು ಸ್ವತಂತ್ರವಾಗಿ ಇಳಿಯಬೇಕಾದರೆ ೫,೦೦೦ ಅಡಿ ಬೇಕೆಂದು ಅಮೆರಿಕದಲ್ಲಿ ೧೯೬೦ರ ದಶಕದ ಆರಂಭದಲ್ಲಿ ಗೊತ್ತುಮಾಡಿದರು. ೧೯೭೪ರಲ್ಲಿ ಅದನ್ನು ೪,೩೦೦ ಅಡಿಗೆ ಇಳಿಸಿದರು. ಈ ಅಂಕೆಯ ಹಿಂದೆ ಒಂದು ಲೆಕ್ಕವಿದೆ. ಅದನ್ನು ಬಿಡಿಸಿ ನೋಡಿದರೆ ಇಡೀ ಸಮಸ್ಯೆಯೇ ಕಣ್ಣಮುಂದೆ ನಿಲ್ಲುತ್ತದೆ.

ಇಳಿಯುತ್ತಿರುವ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು ೧೬೦ ಮೈಲಿ ಎಂದಿಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ ೨೩೫ ಅಡಿ. ಏನೋ ಪ್ರಮಾದವಾಗಿ ಅದು ನೆರೆಯ ವಿಮಾನದ ಕಡೆಗೆ ೩೦ ಅಂಶ ತಿರುಗಿತೆನ್ನಿ. ನಿಯಮಗಳನ್ನು ರೂಪಿಸಿದ ತಜ್ಞರು ಊಹಿಸಿಕೊಂಡ ಅತಿ ಕೆಟ್ಟ ಪ್ರಸಂಗ ಅದೇ. ಆಗ ಅದು ಪಕ್ಕಕ್ಕೆ ಸರಿಯುವ ವೇಗ ಸೆಕೆಂಡಿಗೆ ಸುಮಾರು ೧೧೮ ಅಡಿ. ೪,೩೦೦ ಅಡಿ ದಾಟಲು ಅದಕ್ಕೆ ೩೬ ಸೆಕೆಂಡು ಸಾಕು. ಈ ೩೬ ಸೆಕೆಂಡುಗಳೊಳಗೆ ಏನೇನು ನಡೆಯಬೇಕು ನೋಡಿ. ವಿಮಾನ ನಿಲ್ದಾಣದ ಸಾಮಾನ್ಯ ರೇಡಾರು ಒಂದು ಸುತ್ತು ತಿರುಗಲು ಐದು ಸೆಕೆಂಡಿಗೆ ಸ್ವಲ್ಪ ಕಡಮೆ ಹಿಡಿಯುತ್ತದೆ. ವಿಮಾನ ದಾರಿಬಿಟ್ಟಿದೆಯೆಂದು ಖಚಿತವಾಗಲು ಎರಡು ಮೂರು ಸುತ್ತುಗಳಾದರೂ ಬೇಕು. ನಿಯಂತ್ರಕ ಅದನ್ನು ಗಮನಿಸಬೇಕು, ಏನು ಮಾಡಬೇಕೆಂದು ನಿಶ್ಚಯಿಸಬೇಕು, ಬಾಯಿಬಿಟ್ಟು ಹೇಳಬೇಕು. ಆ ಮಾತು ನಿರಪರಾಧಿಯಾದ ನೆರೆಯ ವಿಮಾನದ ಪೈಲಟ್ಟಿಗೆ ಕೇಳಿಸಬೇಕು, ಅರ್ಥವಾಗಬೇಕು, ಅವನ ಕೈ ಆಡಬೇಕು. ಕೊನೆಗೆ ನೂರಾರು ಟನ್ ತೂಕದ ವಿಮಾನ ಇಳಿಯುವುದನ್ನು ನಿಲ್ಲಿಸಿ ಓರೆಯಾಗಿ ಮೇಲೇಳಬೇಕು.

ಈ ಸರಪಳಿಯಲ್ಲಿ ಒಂದು ಕೊಂಡಿಯೂ ಸಡಿಲವಾಗದಿರಲೆಂದು ಕೆಲವು ಏರ್ಪಾಡುಗಳನ್ನು ಮಾಡಿದರು. ಎರಡು ದಾರಿಗಳ ನಟ್ಟನಡುವೆ ೨,೦೦೦ ಅಡಿ ಅಗಲದ ಒಂದು ನಿಷಿದ್ಧ ಪಟ್ಟಿಯನ್ನು ಕಲ್ಪಿಸಿದರು. ಅದಕ್ಕೆ ಬೇಲಿಯಿಲ್ಲ, ಗೆರೆಯಿಲ್ಲ; ರೇಡಾರಿನ ಪರದೆಯ ಮೇಲೆ ಮಾತ್ರ ಅದು ಉಂಟು. ಒಂದೊಂದು ರನ್‌ವೇಗೂ ಒಬ್ಬೊಬ್ಬ ಪ್ರತ್ಯೇಕ ಕಾವಲುಗಾರ ನಿಯಂತ್ರಕನನ್ನು ಕೂರಿಸಿದರು. ಯಾವ ವಿಮಾನವಾದರೂ ಆ ಪಟ್ಟಿಯ ಅಂಚನ್ನು ಮುಟ್ಟುವಂತೆ ಕಂಡರೆ ಅವನು ಬೇರೆಲ್ಲ ಮಾತನ್ನೂ ತಡೆದು ಆಜ್ಞೆ ಕೊಡಬಹುದು. ಆ ಆಜ್ಞೆಗೆ ವಿವರಣೆ ಇರುವುದಿಲ್ಲ, ಪೈಲಟ್ಟಿಗೆ ಪ್ರಶ್ನಿಸುವ ವ್ಯವಧಾನವೂ ಇರುವುದಿಲ್ಲ. ತಕ್ಷಣ ಇಂಥ ಕಡೆಗೆ ತಿರುಗು, ಏರು: ಇಷ್ಟೆ.

೧೯೯೦ರ ಸುಮಾರಿಗೆ ರೇಡಾರಿನ ಈ ಐದು ಸೆಕೆಂಡುಗಳನ್ನೇ ಕಡಮೆ ಮಾಡುವ ಪ್ರಯೋಗಗಳು ರಾಲಿ-ಡರ್ಹಮ್, ಮೆಂಫಿಸ್ ನಗರಗಳ ನಿಲ್ದಾಣಗಳಲ್ಲಿ ನಡೆದವು. ತಿರುಗುವ ಆಂಟೆನದ ಬದಲು ವಿದ್ಯುತ್ತಿನ ಚಳಕದಿಂದಲೇ ಕಿರಣವನ್ನು ತಿರುಗಿಸುವ ರೇಡಾರು ಬಂತು. ಅದು ವಿಮಾನದ ಸ್ಥಾನವನ್ನು ಸೆಕೆಂಡಿಗೊಮ್ಮೆ ತೋರಿಸಬಲ್ಲುದು. ಅದರ ಬಲದಿಂದ ಅಂತರವನ್ನು ೩,೪೦೦ ಅಡಿಗೆ ಇಳಿಸಿದರು. ಒಂದು ದಾರಿಯನ್ನು ತುಸು ಓರೆಯಾಗಿಸಿದರೆ ೩,೦೦೦ ಅಡಿಯೂ ಸಾಕೆಂದರು. ಯಂತ್ರ ಒಂದೊಂದು ಸೆಕೆಂಡು ಉಳಿಸಿಕೊಟ್ಟಂತೆಲ್ಲ ರನ್‌ವೇಗಳು ಒಂದಕ್ಕೊಂದು ಹತ್ತಿರ ಬರಬಹುದಾಯಿತು. ಆದರೆ ಯಂತ್ರದ ಉಪಕಾರಕ್ಕೆ ಅಲ್ಲಿಗೆ ಒಂದು ಎಲ್ಲೆ. ಅದಕ್ಕಿಂತಲೂ ಬಹಳ ಹತ್ತಿರದಲ್ಲಿ, ಬಹಳ ಹಿಂದೆಯೇ ಕಟ್ಟಿಬಿಟ್ಟ ರನ್‌ವೇಗಳಿದ್ದವಲ್ಲ, ಅವುಗಳ ಗತಿಯೇನು?

ಇದಕ್ಕೆ ಪ್ರಸಿದ್ಧ ಉದಾಹರಣೆ ಸಾನ್ ಫ್ರಾನ್ಸಿಸ್ಕೊ. ಕೊಲ್ಲಿಯ ನೀರಿನಲ್ಲಿ ಮಣ್ಣು ತುಂಬಿ ಮಾಡಿದ ನೆಲದ ಮೇಲೆ ಹರಡಿರುವ ಆ ವಿಮಾನ ನಿಲ್ದಾಣದಲ್ಲಿ ಪಶ್ಚಿಮಾಭಿಮುಖವಾದ ಎರಡು ರನ್‌ವೇಗಳಿವೆ: ೨೮ ಎಡ ಮತ್ತು ೨೮ ಬಲ. ಅವುಗಳ ನಡುಗೆರೆಗಳ ನಡುವಿನ ಅಂತರ ೭೫೦ ಅಡಿ. ಬೋಯಿಂಗ್ ೭೭೭ ಜಾತಿಯ ದೊಡ್ಡ ವಿಮಾನದ ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ತುದಿಗೆ ೨೧೨ ಅಡಿ. ಅಂಥವೆರಡು ಅಕ್ಕಪಕ್ಕದಲ್ಲಿ ಬಂದರೆ ನಡುವೆ ಉಳಿಯುವುದು ೫೪೦ ಅಡಿಗಿಂತ ಕಡಮೆ. ಮೊದಲು ಮಾಡಿದ ಲೆಕ್ಕವನ್ನೇ ಇಲ್ಲಿ ಹಾಕಿ ನೋಡಿ: ೩೦ ಅಂಶ ತಿರುಗಿದ ವಿಮಾನ ೭೫೦ ಅಡಿಯನ್ನು ದಾಟಲು ಆರೇ ಸೆಕೆಂಡು ಬೇಕು. ರೇಡಾರು ಎರಡು ಸುತ್ತು ತಿರುಗಿ ಮುಗಿಯುವುದರೊಳಗೆ ಆಗಬೇಕಾದ ಅನರ್ಥ ಆಗಿಯೇ ಹೋಗಿರುತ್ತದೆ. ಇಷ್ಟು ಹತ್ತಿರದಲ್ಲಿ ನೆಲದ ಮೇಲಿನ ಯಾವ ಕಾವಲುಗಾರನೂ ಕಾಯಲಾರ. ಕಾಯಬಲ್ಲವನು ಆ ವಿಮಾನದಲ್ಲಿಯೇ ಕುಳಿತು ಪಕ್ಕದ ಕಿಟಕಿಯಿಂದ ನೋಡುವ ಪೈಲಟ್ಟು.

ಆದ್ದರಿಂದ ಅಲ್ಲಿ ದಶಕಗಳ ಕಾಲ ನಡೆದುಬಂದ ಪದ್ಧತಿ ಹೀಗಿತ್ತು: ಆಕಾಶ ತಿಳಿಯಾಗಿರುವಾಗ ನಿಯಂತ್ರಕ ಒಬ್ಬ ಪೈಲಟ್ಟಿಗೆ ಅವನ ಜೊತೆಯ ವಿಮಾನ ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ ಇದೆಯೆಂದು ಹೇಳುತ್ತಾನೆ. ಪೈಲಟ್ಟು ನೋಡಿ ‘ಕಾಣುತ್ತಿದೆ’ ಎನ್ನುತ್ತಾನೆ. ಹಾಗೆಂದ ಕ್ಷಣವೇ ಅದರಿಂದ ದೂರವಿರುವ ಹೊಣೆ ನಿಯಂತ್ರಕನ ಕೈಯಿಂದ ಪೈಲಟ್ಟಿನ ಕೈಗೆ ದಾಟುತ್ತದೆ. ಆಮೇಲೆ ಎರಡು ವಿಮಾನಗಳು ಜೋಡೆತ್ತುಗಳಂತೆ ಅಕ್ಕಪಕ್ಕದಲ್ಲಿಯೇ ಕೊಲ್ಲಿಯ ಮೇಲೆ ತೇಲಿಬಂದು ಇಳಿಯುತ್ತವೆ. ಒಳಗೆ ಕುಳಿತ ಪ್ರಯಾಣಿಕರಿಗೆ ಪಕ್ಕದ ವಿಮಾನದ ಕಿಟಕಿಗಳು ಕಾಣುವಷ್ಟು ಸಮೀಪ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಾರುವ ವಿಮಾನದ ರೆಕ್ಕೆಯ ತುದಿಗಳಿಂದ ಗಾಳಿಯ ಸುಳಿಗಳೆರಡು ಹೊರಟು ಹಿಂದೆ ಮೈಲಿಗಟ್ಟಲೆ ಉಳಿಯುತ್ತವೆ. ಮೆಲ್ಲಗೆ ಕೆಳಗಿಳಿಯುತ್ತ, ಅಡ್ಡಗಾಳಿ ಇದ್ದರೆ ಪಕ್ಕಕ್ಕೆ ಸರಿಯುತ್ತವೆ. ವಿಮಾನ ಭಾರವಾದಷ್ಟೂ ಸುಳಿ ಬಲವಾದದ್ದು. ಸಣ್ಣ ವಿಮಾನವನ್ನು ಮಗುಚಿಹಾಕುವ ಶಕ್ತಿ ಅದಕ್ಕುಂಟು. ರನ್‌ವೇಗಳ ನಡುವಣ ಅಂತರ ೨,೫೦೦ ಅಡಿಗಿಂತ ಕಡಮೆಯಿದ್ದರೆ ಈ ಸುಳಿಯ ಮಟ್ಟಿಗೆ ಅವೆರಡೂ ಒಂದೇ ರನ್‌ವೇ ಎಂದು ನಿಯಮ ಭಾವಿಸುತ್ತದೆ. ಹೀಗಾಗಿ ಒಂದು ವಿಚಿತ್ರ ಪರಿಸ್ಥಿತಿ ಒದಗುತ್ತದೆ. ಜೊತೆಯ ವಿಮಾನದಿಂದ ಬಹಳ ಹಿಂದೆ ಉಳಿದರೆ ಕ್ಷೇಮ. ತೀರ ಪಕ್ಕದಲ್ಲಿಯೇ ಇದ್ದರೂ ಸುಳಿ ಇತ್ತ ಬಂದು ತಲಪುವ ಮೊದಲೇ ಮುಂದೆ ಸಾಗಿರುವುದರಿಂದ ಕ್ಷೇಮ. ನಡುವಿನ ದೂರವೇ ಅಪಾಯ. ಸಮೀಪ ಬಂದಷ್ಟೂ ಡಿಕ್ಕಿಯ ಭಯ, ಹಿಂದೆ ಸರಿದಷ್ಟೂ ಸುಳಿಯ ಭಯ. ಪೈಲಟ್ಟು ಈ ಎರಡರ ನಡುವೆ ತನ್ನ ಸ್ಥಾನವನ್ನು ಕಾಯ್ದುಕೊಂಡು ಬರಬೇಕು.

ಮಂಜು ಬಂದರೋ? ಬೇಸಗೆಯ ಬೆಳಗುಗಳಲ್ಲಿ ಪೆಸಿಫಿಕ್ ಸಾಗರದ ಕಡೆಯಿಂದ ತಗ್ಗಿನ ಮೋಡ ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮೇಲೆ ಹಾಸಿಕೊಳ್ಳುವುದು ವಾಡಿಕೆ. ಆಗ ‘ಕಾಣುತ್ತಿದೆ’ ಎನ್ನುವ ಮಾತು ಸಾಧ್ಯವಿಲ್ಲ. ಎರಡು ರನ್‌ವೇಗಳು ಒಂದಕ್ಕೆ ಸಮಾನವಾಗುತ್ತವೆ. ಗಂಟೆಗೆ ೬೦ ವಿಮಾನಗಳು ಇಳಿಯುತ್ತಿದ್ದಲ್ಲಿ ೩೦ ಇಳಿದರೆ ಹೆಚ್ಚಾಗಿತ್ತು. ಅತ್ತ ನ್ಯೂಯಾರ್ಕಿನಲ್ಲಿ, ಇತ್ತ ಟೋಕಿಯೊದಲ್ಲಿ ಪ್ರಯಾಣಿಕರು ಕಾಯುತ್ತಾರೆ. ೧೯೯೦ರ ದಶಕದ ಕೊನೆಯಲ್ಲಿ ಕೊಲ್ಲಿಯನ್ನು ಇನ್ನಷ್ಟು ತುಂಬಿ ರನ್‌ವೇಗಳನ್ನು ದೂರದೂರ ಕಟ್ಟುವ ಯೋಜನೆಯೊಂದು ಹೊರಟಿತು. ಕೊಲ್ಲಿಯ ನೀರಿಗೂ ಜೀವಿಗಳಿಗೂ ಹಾನಿಯೆಂದು ವಿರೋಧ ಬಂತು, ವೆಚ್ಚವೂ ಬೆಟ್ಟದಷ್ಟಿತ್ತು. ಯೋಜನೆ ಹಿಂದೆ ಬಿತ್ತು.

ಬದಲಿಗೆ ೨೦೦೪ರ ಅಕ್ಟೋಬರಿನಲ್ಲಿ ಒಂದು ನಡುದಾರಿಯನ್ನು ಜಾರಿಗೆ ತಂದರು. ಒಂದು ವಿಮಾನ ಎಡ ರನ್‌ವೇಗೆ ನೇರವಾಗಿ ಬರುತ್ತದೆ. ಇನ್ನೊಂದು ಅದಕ್ಕಿಂತ ತುಸು ಹಿಂದೆ, ಬಲಕ್ಕೆ ದೂರದಿಂದ, ಸುಮಾರು ೩ ಅಂಶ ಓರೆಯಾದ ದಾರಿಯಲ್ಲಿ ಬರುತ್ತದೆ. ರನ್‌ವೇ ಇನ್ನೂ ನಾಲ್ಕು ಮೈಲಿಯಷ್ಟು ದೂರವಿರುವಾಗ ಎರಡು ದಾರಿಗಳ ನಡುವೆ ೩,೦೦೦ ಅಡಿ ಉಳಿದಿರುತ್ತದೆ. ಅಲ್ಲಿಯವರೆಗೆ ಕಾವಲು ರೇಡಾರಿನದು. ಅಷ್ಟು ಹೊತ್ತಿಗೆ ಎರಡೂ ಮೋಡದ ಕೆಳಗೆ ಬಂದಿರಬೇಕು. ಓರೆದಾರಿಯ ಪೈಲಟ್ಟು ಮುಂದಿನ ವಿಮಾನವನ್ನು ಕಣ್ಣಾರೆ ಕಂಡಿರಬೇಕು. ಕಂಡರೆ ತನ್ನ ರನ್‌ವೇಯ ನೇರಕ್ಕೆ ಹೊರಳಿ ಇಳಿಯಬಹುದು. ಕಾಣದಿದ್ದರೆ ಇಳಿಯುವ ಆಸೆ ಬಿಟ್ಟು ಮೇಲೇರಿ ಹೊರಟುಹೋಗಬೇಕು. ಇದು ಮೋಡದ ದಿನದ ನಷ್ಟವನ್ನು ಒಂದಿಷ್ಟು ತುಂಬಿಕೊಟ್ಟಿತು. ಆದರೆ ಕೊನೆಯ ನಾಲ್ಕು ಮೈಲಿ ಮತ್ತೆ ಕಣ್ಣಿಗೇ ಉಳಿಯಿತು. ೧೯೫೬ರ ದುರಂತದ ಮೇಲೆ ಯಾವುದನ್ನು ನಂಬಬಾರದೆಂದು ನಿಶ್ಚಯಿಸಿದರೋ ಅದರ ಮೇಲೆಯೇ ಇಲ್ಲಿ ಭಾರ ಹಾಕಬೇಕಾಯಿತು.

ಹಾಗಾದರೆ ‘ಕಾಣುತ್ತಿದೆ’ ಎಂಬ ಮಾತು ಎಷ್ಟು ಗಟ್ಟಿ? ಅದರ ಪರೀಕ್ಷೆ ನಡೆದುಹೋದದ್ದು ಇನ್ನೊಂದು ಊರಿನಲ್ಲಿ. ೧೯೭೮ರ ಸೆಪ್ಟೆಂಬರ್ ೨೫ರ ಬೆಳಗ್ಗೆ, ಅದೇ ಕ್ಯಾಲಿಫೋರ್ನಿಯದ ಸಾನ್ ಡಿಯೇಗೊ ನಗರದ ಮೇಲೆ ಬೋಯಿಂಗ್ ೭೨೭ ವಿಮಾನವೊಂದು ಇಳಿಯಲು ಬರುತ್ತಿತ್ತು. ಮುಂದೆ, ಕೆಳಗೆ, ಸೆಸ್ನ ಎಂಬ ಪುಟ್ಟ ವಿಮಾನದಲ್ಲಿ ಇಬ್ಬರು ಅಭ್ಯಾಸದಲ್ಲಿ ತೊಡಗಿದ್ದರು. ಅಲ್ಲಿ ಜೋಡಿ ರನ್‌ವೇಗಳ ಪ್ರಶ್ನೆಯಿರಲಿಲ್ಲ. ಆದರೆ ಹೊಣೆ ಕೈದಾಟುವ ಮಾತು ಇದೇ. ನಿಯಂತ್ರಕ ಎಚ್ಚರಿಸಿದ, ಬೋಯಿಂಗ್ ಚಾಲಕರು ಕಾಣುತ್ತಿದೆ ಎಂದರು, ಕಣ್ಣಳತೆಯಲ್ಲಿ ಅಂತರ ಕಾಯ್ದುಕೊಳ್ಳಿರೆಂದು ಅವರಿಗೆ ಹೇಳಲಾಯಿತು. ಸ್ವಲ್ಪ ಹೊತ್ತಿಗೆ ಆ ಪುಟ್ಟ ವಿಮಾನ ಅವರ ಕಣ್ಣಿಗೆ ತಪ್ಪಿತು. ಎಲ್ಲಿ ಹೋಯಿತದು ಎಂದು ತಮ್ಮತಮ್ಮಲ್ಲಿಯೇ ಕೇಳಿಕೊಂಡರು. ಆ ಸಂಭಾಷಣೆ ಯಂತ್ರದಲ್ಲಿ ಧ್ವನಿಮುದ್ರಿತವಾಗಿ ಉಳಿದಿದೆ. ಗೋಪುರಕ್ಕೆ ಅವರು ಹೇಳಿದ್ದು, ಅದು ನಮ್ಮ ಬಲಕ್ಕೆ ದಾಟಿಹೋಯಿತೆಂದು ತೋರುತ್ತದೆ ಎಂಬರ್ಥದ ಮಾತು. ಗೋಪುರದ ನಿಯಂತ್ರಕ ತಾನು ಕೇಳಿಸಿಕೊಂಡದ್ದು ‘ದಾಟುತ್ತಿದೆ’ ಎಂದು ಆಮೇಲೆ ವಿಚಾರಣೆಯಲ್ಲಿ ತಿಳಿಸಿದ.

ಶ್ರೋತೃಗಳೆ, ವ್ಯಾಕರಣದ ಪಾಠ ಹೇಳಿದವನಿಗೆ ಇಲ್ಲಿ ಮೈ ಜುಂ ಎನ್ನುತ್ತದೆ. ‘ದಾಟಿಹೋಯಿತು’ ಎಂಬುದು ಭೂತಕಾಲ. ಕಣ್ಣಿಗೆ ಈಗ ಕಾಣದ ಒಂದು ಸಂಗತಿಯನ್ನು ಕುರಿತ ಊಹೆ. ‘ದಾಟುತ್ತಿದೆ’ ಎಂಬುದು ವರ್ತಮಾನಕಾಲ. ಕಣ್ಣಮುಂದೆ ನಡೆಯುತ್ತಿರುವುದಕ್ಕೆ ಸಾಕ್ಷಿ. ಇಂಗ್ಲಿಷಿನಲ್ಲಿ ಈ ಎರಡು ರೂಪಗಳ ನಡುವೆ ಇರುವುದು ಶಬ್ದದ ಕೊನೆಯ ಒಂದು ಸಣ್ಣ ಪ್ರತ್ಯಯ. ರೇಡಿಯೊದ ಗೊರಗೊರ ಸದ್ದಿನಲ್ಲಿ ಅದು ಮುಳುಗಿಹೋಗಲು ಎಷ್ಟು ಹೊತ್ತು? ಇನ್ನೊಂದು ದಾರುಣ ಸಂಗತಿಯೂ ಇದೆ. ಡಿಕ್ಕಿಗೆ ಕೆಲವು ಸೆಕೆಂಡು ಮೊದಲೇ ನಿಯಂತ್ರಣ ಕೇಂದ್ರದ ಕಂಪ್ಯೂಟರು ಅಪಾಯದ ಎಚ್ಚರಿಕೆ ಕೊಟ್ಟಿತ್ತು. ಚಾಲಕರೇ ಕಾಣುತ್ತಿದೆ ಎಂದಿದ್ದಾರಲ್ಲ ಎಂಬ ಭರವಸೆಯಿಂದ ಆ ಎಚ್ಚರಿಕೆಯನ್ನು ಯಾರೂ ಮುಂದಕ್ಕೆ ದಾಟಿಸಲಿಲ್ಲ. ಬೋಯಿಂಗಿನಲ್ಲಿದ್ದ ೧೩೫ ಮಂದಿ, ಸೆಸ್ನದ ಇಬ್ಬರು, ನೆಲದ ಮೇಲಿದ್ದ ೭ ಮಂದಿ, ಒಟ್ಟು ೧೪೪ ಜನ ಮಡಿದರು. ಎದುರಿನ ವಿಮಾನ ಕಣ್ಣಿಗೆ ತಪ್ಪಿದೆಯೆಂದು ಚಾಲಕರು ತಿಳಿಸದೆ ಹೋದದ್ದು ಮುಖ್ಯ ಕಾರಣಗಳಲ್ಲೊಂದೆಂದು ತನಿಖೆ ತೀರ್ಮಾನಿಸಿತು.

ಈ ಕಾರಣದಿಂದಲೇ ವಿಮಾನದೊಳಗೇ ಇನ್ನೊಂದು ಯಂತ್ರದ ಕಣ್ಣನ್ನು ಕೂರಿಸುವ ಯತ್ನ ಬಲವಾಯಿತು. ೧೯೮೬ರ ಆಗಸ್ಟ್ ೩೧ರಂದು ಲಾಸ್ ಏಂಜಲಿಸ್ ಬಳಿಯ ಸೆರಿಟೋಸ್ ಎಂಬಲ್ಲಿ ಇಳಿಯಲು ಬರುತ್ತಿದ್ದ ಜೆಟ್ ವಿಮಾನಕ್ಕೂ ಒಂದು ಸಣ್ಣ ವಿಮಾನಕ್ಕೂ ಡಿಕ್ಕಿಯಾಗಿ ೮೨ ಜನ ಸತ್ತ ಮೇಲೆ, ಮರುವರ್ಷ ಅಮೆರಿಕದ ಶಾಸನಸಭೆ ದೊಡ್ಡ ಪ್ರಯಾಣಿಕ ವಿಮಾನಗಳಿಗೆಲ್ಲ ಇದನ್ನು ಕಡ್ಡಾಯ ಮಾಡಿತು. ಟಿಕಾಸ್ ಎಂದು ಇದರ ಹೆಸರು. ಹತ್ತಿರದ ವಿಮಾನಗಳೊಡನೆ ಅದು ತಾನಾಗಿಯೇ ರೇಡಿಯೊ ಪ್ರಶ್ನೋತ್ತರ ನಡೆಸಿ, ಅಪಾಯ ಕಂಡರೆ ಏರು ಅಥವಾ ಇಳಿ ಎಂದು ಪೈಲಟ್ಟಿಗೆ ಹೇಳುತ್ತದೆ. ಲಕ್ಷಾಂತರ ಪ್ರಾಣಗಳನ್ನು ಕಾದ ಮಹೋಪಕಾರಿ ಯಂತ್ರ ಅದು. ಆದರೆ ಜೋಡಿ ರನ್‌ವೇಗಳ ಮುಂದೆ ಅದೂ ಮೌನ ವಹಿಸಬೇಕಾಗುತ್ತದೆ. ಪಕ್ಕದಲ್ಲಿಯೇ ಸರಿಯಾಗಿ ಬರುತ್ತಿರುವ ಜೊತೆಗಾರನನ್ನೂ ಅದು ಶತ್ರುವೆಂದು ತಿಳಿದು ಕೂಗುವುದರಿಂದ, ಅಂಥ ಸಂದರ್ಭದಲ್ಲಿ ಅದರ ಆಜ್ಞೆಯ ಭಾಗವನ್ನು ನಿಲ್ಲಿಸಿ ಬರಿಯ ಸೂಚನೆಯ ಭಾಗವನ್ನು ಉಳಿಸಿಕೊಳ್ಳಲು ಪೈಲಟ್ಟುಗಳಿಗೆ ಅವಕಾಶ ಕೊಡುವುದುಂಟು. ನೆಲ ಸುಮಾರು ಸಾವಿರ ಅಡಿ ಹತ್ತಿರ ಬಂದಾಗ ಆ ಆಜ್ಞೆ ತಾನಾಗಿಯೇ ನಿಂತುಹೋಗುತ್ತದೆ. ಮನುಷ್ಯನ ಕಣ್ಣಿಗೆ ನೆರವು ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಯಂತ್ರದ ಬಾಯಿ ಕಟ್ಟುತ್ತದೆ.

ದೊಡ್ಡ ನಿಲ್ದಾಣಗಳಲ್ಲಿ ನುರಿತ ಪೈಲಟ್ಟುಗಳು ಈ ಕಟ್ಟುಪಾಡನ್ನು ಲಕ್ಷಾಂತರ ಬಾರಿ ಸುರಕ್ಷಿತವಾಗಿ ನಡೆಸಿಕೊಂಡು ಬಂದಿದ್ದಾರೆಂಬುದನ್ನು ನಾವು ಒಪ್ಪಬೇಕು. ಅನರ್ಥಗಳು ನಡೆದದ್ದು ಸಣ್ಣ ವಿಮಾನಗಳ ನಿಲ್ದಾಣಗಳಲ್ಲಿ. ೨೦೨೧ರ ಮೇ ೧೨ರಂದು ಡೆನ್ವರ್ ನಗರದ ಬಳಿಯ ಸೆಂಟೆನಿಯಲ್ ನಿಲ್ದಾಣದಲ್ಲಿ ಎರಡು ವಿಮಾನಗಳು ಪಕ್ಕಪಕ್ಕದ ರನ್‌ವೇಗಳಿಗೆ ಇಳಿಯುತ್ತಿದ್ದವು. ಒಂದು ತನ್ನ ರನ್‌ವೇಯ ನೇರಕ್ಕೆ ತಿರುಗುವಾಗ ತಿರುವು ಮೀರಿ ಆಚೆಯ ದಾರಿಗೆ ನುಗ್ಗಿ ಇನ್ನೊಂದರ ಬೆನ್ನನ್ನು ಸೀಳಿತು. ದೈವಕೃಪೆ ದೊಡ್ಡದು: ಡಿಕ್ಕಿ ಹೊಡೆದ ವಿಮಾನ ತನ್ನ ಪ್ಯಾರಾಷೂಟನ್ನು ಬಿಚ್ಚಿ ಹೊಲಕ್ಕೆ ಇಳಿಯಿತು, ಬೆನ್ನು ಹರಿದ ವಿಮಾನದ ಪೈಲಟ್ಟು ತನಗೇನಾಯಿತೆಂದೇ ತಿಳಿಯದೆ, ಎಂಜಿನ್ ಕೆಟ್ಟಿತೆಂದು ಭಾವಿಸಿ, ನೆಟ್ಟಗೆ ಇಳಿಸಿದ. ಮೂವರಲ್ಲಿ ಯಾರಿಗೂ ಗಾಯವಾಗಲಿಲ್ಲ. ಇಬ್ಬರೊಡನೆ ಮಾತಾಡುತ್ತಿದ್ದ ನಿಯಂತ್ರಕರು ಬೇರೆ ಬೇರೆ, ರೇಡಿಯೊದ ಅಲೆಗಳೂ ಬೇರೆ ಬೇರೆ. ನೆರೆಯವನ ವಿಚಾರವನ್ನು ಒಬ್ಬನಿಗೆ ತಿಳಿಸಿದ್ದರು, ಇನ್ನೊಬ್ಬನಿಗೆ ತಿಳಿಸಿರಲಿಲ್ಲ.

೨೦೨೨ರ ಜುಲೈ ೧೭ರಂದು ನಾರ್ತ್ ಲಾಸ್ ವೇಗಸ್ ನಿಲ್ದಾಣದಲ್ಲಿ ದೈವ ಅಷ್ಟು ಕರುಣೆ ತೋರಲಿಲ್ಲ. ಒಂದು ವಿಮಾನಕ್ಕೆ ೩೦ ಎಡ ರನ್‌ವೇಯಲ್ಲಿ ಇಳಿಯಲು ಹೇಳಿದ್ದರು. ಪೈಲಟ್ಟು ‘ಎಡ’ ಎಂದು ಸರಿಯಾಗಿಯೇ ಮರುನುಡಿದಿದ್ದ. ಆದರೆ ವಿಮಾನ ಬಂದದ್ದು ೩೦ ಬಲದ ನೇರಕ್ಕೆ. ಅಲ್ಲಿ ಇನ್ನೊಂದು ಪುಟ್ಟ ವಿಮಾನ ಇಳಿಯುತ್ತಿತ್ತು. ನಾಲ್ವರೂ ಸತ್ತರು. ಬಾಯಿ ಎಡವೆಂದಿತು, ಕಣ್ಣು ಬಲವನ್ನು ಎಡವೆಂದು ನಂಬಿತು. ಸರಿಯಾದ ಮಾತನ್ನು ಆಡಿದ ಮಾತ್ರಕ್ಕೆ ಅದರ ಅರ್ಥ ಕೈಗೆ ಬಂದಿದೆಯೆಂದು ಹೇಳಲಾಗದು. ನಮ್ಮ ತರಗತಿಗಳಲ್ಲಿ ಪದ್ಯವನ್ನು ಕಂಠಪಾಠ ಒಪ್ಪಿಸುವ ಹುಡುಗರನ್ನು ಕಂಡವರಿಗೆ ಇದು ಹೊಸ ವಿಚಾರವಲ್ಲ. ಇಲ್ಲಿ ಮಾತ್ರ ಅದರ ಬೆಲೆ ಪ್ರಾಣ.

ನಮ್ಮ ದೇಶಕ್ಕೂ ಈ ಇತಿಹಾಸದಲ್ಲಿ ಒಂದು ಕರಾಳ ಪುಟವಿದೆ. ೧೯೯೬ರ ನವೆಂಬರ್ ೧೨ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟ ಸೌದಿಯ ವಿಮಾನಕ್ಕೂ ದೆಹಲಿಗೆ ಬರುತ್ತಿದ್ದ ಕಜಾಕಸ್ತಾನದ ವಿಮಾನಕ್ಕೂ ಡಿಕ್ಕಿಯಾಗಿ ೩೪೯ ಜನ ಪ್ರಾಣ ಬಿಟ್ಟರು. ಆ ವರ್ಗದ ಅಪಘಾತಗಳಲ್ಲಿ ಅದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಇನ್ನೊಂದಿಲ್ಲ. ಬರುವ ವಿಮಾನಕ್ಕೆ ೧೫,೦೦೦ ಅಡಿಯಲ್ಲಿಯೇ ಇರಲು, ಹೋಗುವುದಕ್ಕೆ ೧೪,೦೦೦ ಅಡಿಯಲ್ಲಿಯೇ ಇರಲು ಆದೇಶವಿತ್ತು. ಬರುವ ವಿಮಾನ ತನ್ನ ಎತ್ತರದಿಂದ ಕೆಳಗಿಳಿಯಿತು. ಅದರ ಸಿಬ್ಬಂದಿಗೆ ಇಂಗ್ಲಿಷ್ ಭಾಷೆಯ ಹಿಡಿತ ಸಾಲದಾಗಿದ್ದುದನ್ನು ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣಾ ಆಯೋಗ ಗಮನಿಸಿತು. ಬರುವ ಹೋಗುವ ವಿಮಾನಗಳಿಗೆ ಬೇರೆ ಬೇರೆ ದಾರಿ, ಎತ್ತರವನ್ನೂ ತಿಳಿಸುವ ರೇಡಾರು, ಡಿಕ್ಕಿ ತಡೆಯುವ ಯಂತ್ರದ ಕಡ್ಡಾಯ ಇವೆಲ್ಲ ಅದರ ಮೇಲೆ ಬಂದವು.

ನಮ್ಮ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಎರಡನೆಯ ಸಮಾನಾಂತರ ರನ್‌ವೇ ೨೦೧೯ರ ಡಿಸೆಂಬರಿನಲ್ಲಿ ಬಳಕೆಗೆ ಬಂತು. ೨೦೨೨ರ ಜನವರಿ ೭ರ ಬೆಳಗ್ಗೆ ಅಲ್ಲಿ ಎರಡು ವಿಮಾನಗಳು, ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ, ಎರಡು ರನ್‌ವೇಗಳಿಂದ ಏಕಕಾಲಕ್ಕೆ ಮೇಲೇರಿ ಒಂದರ ಕಡೆಗೆ ಇನ್ನೊಂದು ಸರಿಯತೊಡಗಿದವು. ಇದು ಇಳಿಯುವ ಪ್ರಸಂಗವಲ್ಲ, ಏರುವ ಪ್ರಸಂಗ. ಆದರೆ ಅಪಾಯದ ಬೇರು ಒಂದೇ. ದಕ್ಷಿಣದ ರನ್‌ವೇಯ ಬಳಕೆಯನ್ನು ನಿಲ್ಲಿಸಬೇಕೆಂದು ಆ ಬೆಳಗ್ಗೆ ಮಾಡಿದ ತೀರ್ಮಾನ ಅದನ್ನು ನೋಡಿಕೊಳ್ಳುತ್ತಿದ್ದ ನಿಯಂತ್ರಕರಿಗೆ ತಲಪಿರಲಿಲ್ಲ. ರೇಡಾರಿನ ಮುಂದೆ ಕುಳಿತಿದ್ದ ನಿಯಂತ್ರಕರೊಬ್ಬರು ಅದನ್ನು ಕಂಡು, ಎರಡಕ್ಕೂ ಬೇರೆ ದಿಕ್ಕಿಗೆ ತಿರುಗಲು ಹೇಳಿ ಅನಾಹುತವನ್ನು ತಪ್ಪಿಸಿದರು. ಆಡದೆ ಉಳಿದ ಒಂದು ಮಾತು ತಂದ ಅಪಾಯವನ್ನು ಸಕಾಲದಲ್ಲಿ ಆಡಿದ ಇನ್ನೊಂದು ಮಾತು ಪರಿಹರಿಸಿತು.

ಇಷ್ಟೆಲ್ಲ ಆದ ಮೇಲೂ, ೨೦೨೫ರ ಜನವರಿ ೨೯ರ ರಾತ್ರಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಇಳಿಯಲಿದ್ದ ಪ್ರಯಾಣಿಕ ವಿಮಾನಕ್ಕೂ ಸೈನ್ಯದ ಹೆಲಿಕಾಪ್ಟರಿಗೂ ಡಿಕ್ಕಿಯಾಗಿ ೬೭ ಜನ ಸತ್ತರು. ಹೆಲಿಕಾಪ್ಟರಿನವರು ವಿಮಾನ ತಮಗೆ ಕಾಣುತ್ತಿದೆಯೆಂದು ಹೇಳಿ, ಕಣ್ಣಳತೆಯಲ್ಲಿ ಅಂತರ ಕಾಯ್ದುಕೊಳ್ಳಲು ತಾವೇ ಅನುಮತಿ ಕೇಳಿದ್ದರು. ೧೯೭೮ಕ್ಕೂ ೨೦೨೫ಕ್ಕೂ ನಡುವೆ ನಲವತ್ತಾರು ವರ್ಷ. ಯಂತ್ರಗಳು ಹತ್ತು ಪಟ್ಟು ಸೂಕ್ಷ್ಮವಾಗಿವೆ. ಆ ಒಂದು ಮಾತು ಹಾಗೆಯೇ ಉಳಿದಿದೆ.

ಈ ಇತಿಹಾಸದಿಂದ ಕಣ್ಣನ್ನು ನಂಬಲೇಬಾರದೆಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ೭೫೦ ಅಡಿಯ ಅಂತರದಲ್ಲಿ ಕಣ್ಣನ್ನು ಬಿಟ್ಟರೆ ಕಾಯುವವರು ಯಾರೂ ಇರಲಿಲ್ಲವೆಂಬುದನ್ನು ಆಗಲೇ ನೋಡಿದೆವು. ಪ್ರಶ್ನೆಯಿರುವುದು ಆ ಕಣ್ಣಿನ ಪರವಾಗಿ ಬಾಯಿ ಆಡುವ ಮಾತಿನಲ್ಲಿ. ‘ಕಾಣುತ್ತಿದೆ’ ಎಂಬ ಕ್ರಿಯಾಪದ ಆಡಿದ ಕ್ಷಣಕ್ಕೆ ಮುಗಿಯುವಂಥದಲ್ಲ. ವಿಮಾನ ನೆಲ ಮುಟ್ಟುವವರೆಗೂ ಅದು ಪ್ರತಿಕ್ಷಣ ನಿಜವಾಗಿರಬೇಕು. ಒಂದು ಕ್ಷಣ ನಿಜವಲ್ಲದೆ ಹೋದರೂ ಆ ಕ್ಷಣವೇ ಅದನ್ನು ಹಿಂದಕ್ಕೆ ಪಡೆಯಬೇಕು. ಹಿಂದಕ್ಕೆ ಪಡೆಯುವುದೆಂದರೆ ಇಳಿಯುವುದನ್ನು ಬಿಟ್ಟು ಮೇಲೇರುವುದು, ಮತ್ತೊಂದು ಸುತ್ತು ಹಾಕಿ ಸಾಲಿನ ಕೊನೆಗೆ ಬಂದು ನಿಲ್ಲುವುದು, ಇಂಧನ ಸುಡುವುದು, ಪ್ರಯಾಣಿಕರ ಗೊಣಗಾಟ ಕೇಳುವುದು. ಒಮ್ಮೆ ಕಂಡೆನೆಂದವನಿಗೆ ಈಗ ಕಾಣುತ್ತಿಲ್ಲವೆನ್ನುವುದು ಎಷ್ಟು ಕಷ್ಟವೆಂಬುದು ನಮ್ಮೆಲ್ಲರ ಅನುಭವಕ್ಕೂ ಬಂದದ್ದೆ. ಆದರೆ ಆ ವ್ಯವಸ್ಥೆ ನಿಂತಿರುವುದು ಅದನ್ನು ತಡಮಾಡದೆ ಹೇಳಬಲ್ಲವರ ಮೇಲೆ. ಯಾವುದೋ ಸಂಜೆ ವಿಮಾನವೊಂದು ನೆಲಕ್ಕೆ ತೀರ ಹತ್ತಿರ ಬಂದು, ತಟ್ಟನೆ ಮತ್ತೆ ಮೇಲೇರಿದಾಗ ಒಳಗೆ ಕುಳಿತವರು ಬೇಸರಪಟ್ಟುಕೊಳ್ಳದಿರಲಿ. ಮುಂದೆ ಕುಳಿತವನು ತನ್ನ ಮಾತನ್ನು ಉಳಿಸಿಕೊಳ್ಳುತ್ತಿರಬಹುದು.